‘ಗಮನ ಕೊಡಲ್ಲ’ ಅನ್ನುವ ಮುಂಚೆ ಕಿವಿ ನೋಡಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಶಾಲೆಯ ಮಾಹಿತಿ ತುಂಬುವಾಗ ‘ಶ್ರವಣದೋಷ’ ಎಂಬ ಕಾಲಂ ಬರುತ್ತದೆ. ಹದಿನಾಲ್ಕು ವರ್ಷದಿಂದ ಅದರ ಮುಂದೆ ಸೊನ್ನೆ ಬರೆಯುತ್ತಾ ಬಂದವಳು ನಾನು. ಹುಣಸೂರು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನನ್ನದು. ಆ ಸೊನ್ನೆಯನ್ನು ನಂಬಬಾರದು ಅಂತ ಗೊತ್ತಾಗಿದ್ದು ಕಳೆದ ಮಳೆಗಾಲದಲ್ಲಿ.

ಮೂರನೇ ತರಗತಿಯ ಹುಡುಗನೊಬ್ಬ. ಉಕ್ತಲೇಖನದಲ್ಲಿ ‘ತಟ್ಟೆ’ ಅಂದರೆ ‘ಕಟ್ಟೆ’ ಬರೆಯುತ್ತಿದ್ದ, ‘ಹಾಲು’ ಅಂದರೆ ‘ಕಾಲು’. ನಾನು ಹತ್ತಿರ ನಿಂತು ಹೇಳಿದ ದಿನ ಎಲ್ಲ ಸರಿ. ಬೇಕಂತಲೇ ಮಾಡ್ತಾನೆ ಅಂದುಕೊಂಡೆ. ಬೈದೆ. ಎರಡು ಸಲ ಮೂಲೆಯಲ್ಲೂ ನಿಲ್ಲಿಸಿದೆ. ಅಲ್ಲಿಂದ ಇನ್ನೂ ಕಡಿಮೆ ಕೇಳುತ್ತೆ ಅಲ್ವಾ? ಆಗ ಅದು ಹೊಳೆಯಲಿಲ್ಲ.

‘ಶೀತ ಆದಾಗಲೆಲ್ಲ ಟಿವಿ ಜೋರಾಗಿ ಇಡ್ತಾನೆ ಮಿಸ್’ ಅಂತ ಒಂದು ದಿನ ಅವನ ಅಮ್ಮ ಹೇಳಿದರು. ರಜೆ ಹಾಕಿ ಅವರ ಜೊತೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಹೆಡ್‌ಫೋನ್ ಹಾಕಿ, ‘ಶಬ್ದ ಕೇಳಿದಾಗ ಕೈ ಎತ್ತು ಪುಟ್ಟಾ’ ಅಂದರು. ಹುಡುಗ ಪ್ರತಿ ಸಲ ಅಮ್ಮನ ಮುಖ ನೋಡಿ, ಆಮೇಲೆ ಕೈ ಎತ್ತುತ್ತಿದ್ದ. ಪರೀಕ್ಷೆ ಮಾಡುವವರಿಗೆ ತಕ್ಷಣ ಗೊತ್ತಾಯಿತು. ನಮ್ಮಿಬ್ಬರನ್ನೂ ಅವನ ಬೆನ್ನ ಹಿಂದೆ ಕೂರಿಸಿದರು. ಆಮೇಲೆ ಕೈ ಏಳಲೇ ಇಲ್ಲ, ಶಬ್ದ ಜಾಸ್ತಿ ಮಾಡುವ ತನಕ. ತರಗತಿಯಲ್ಲೂ ಅವನು ಇಷ್ಟು ದಿನ ಮುಖ ನೋಡಿಯೇ ಕಾಲ ಹಾಕಿದ್ದ.

ಎರಡೂ ಕಿವಿಯಲ್ಲಿ 35 ಡೆಸಿಬಲ್ ದೋಷ. ಕಿವಿತಮಟೆಯ ಹಿಂದೆ ನೀರು ತುಂಬಿಕೊಂಡಿತ್ತು. ಬೆರಳು ತುರುಕಿಕೊಂಡು ಪಾಠ ಕೇಳಿದ ಹಾಗೆ. ಹತ್ತು ವರ್ಷ ತುಂಬುವುದರೊಳಗೆ ಹತ್ತರಲ್ಲಿ ಎಂಟು ಮಕ್ಕಳಿಗೆ ಒಮ್ಮೆಯಾದರೂ ಹೀಗಾಗುತ್ತದಂತೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನೇ ಇಳಿಯುತ್ತದೆ. ಇಳಿಯದ ಮಕ್ಕಳು ದಡ್ಡರು ಅನ್ನಿಸಿಕೊಳ್ಳುತ್ತಾರೆ.

ಈ ಹುಡುಗ ಯಾವ ಲೆಕ್ಕಕ್ಕೂ ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ ಕನಿಷ್ಠ 60 ಡೆಸಿಬಲ್ ದೋಷ ಇದ್ದರೆ ಮಾತ್ರ ಅದು ಶ್ರವಣದೋಷ. ಹಾಗಾಗಿ ಕಾನೂನಿನ ಪ್ರಕಾರ ನನ್ನ ಸೊನ್ನೆ ಸರಿಯೇ!

ಊರಿಗೆ ಬಂದ ಮೇಲೆ ನನ್ನ 24 ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಕರೆದೆ. ಒಂದು ಕಿವಿ ಮುಚ್ಚಿಸಿ, ಒಂದು ಮೊಳ ಹಿಂದೆ ನಿಂತು ‘ಬೆಕ್ಕು’, ‘ಸೌತೆ’ ಅಂತ ಪಿಸುಗುಟ್ಟಿದೆ. ಇನ್ನೂ ಮೂವರು ತಡವರಿಸಿದರು. ಒಬ್ಬನಿಗೆ ಗುಗ್ಗೆ ಕಟ್ಟಿತ್ತು. ಒಬ್ಬಳಿಗೆ ಎರಡು ವರ್ಷದಿಂದ ಕಿವಿ ಸೋರುತ್ತಿತ್ತು. ಮನೆಯಲ್ಲಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದರು. ಸೋರುವ ಕಿವಿಗೆ ದಯವಿಟ್ಟು ಏನೂ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಮೂರನೆಯವಳಿಗೆ ಏನೂ ಇರಲಿಲ್ಲ, ಸುಮ್ನೆ ನಾಚಿಕೆ. ಮಕ್ಕಳ ಕಿವುಡುತನದಲ್ಲಿ ಶೇ 60ರಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋರುವ ಕಿವಿಗೆ ಹೊತ್ತಿಗೆ ಸರಿಯಾಗಿ ಮದ್ದು ಮಾಡುವುದೂ ಅದರಲ್ಲಿ ಸೇರಿದೆ.

2013ರಲ್ಲಿ ಶುರುವಾದ, ಶಾಲೆಗೇ ಬಂದು ಮಕ್ಕಳ ಆರೋಗ್ಯ ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಿವಿ ತಪಾಸಣೆಯೂ ಇದೆ. ತಪ್ಪು ನಮ್ಮ ಶಾಲೆಯದೇ. ತಪಾಸಣೆಗೆ ಬಂದವರಿಗೆ ನಾವು ಕೊಡುತ್ತಿದ್ದ ಜಾಗ ಬಿಸಿಯೂಟದ ಅಡುಗೆಮನೆ ಪಕ್ಕದ ವರಾಂಡ. ಕುಕ್ಕರ್ ಕೂಗುವಾಗ ಯಾರ ಕಿವಿ ಹೇಗಿದೆ ಅಂತ ಹೇಗೆ ಗೊತ್ತಾಗಬೇಕು? ಈ ಸಲ ಕೊನೆಯ ಕೋಣೆ ಖಾಲಿ ಮಾಡಿಸಿದ್ದೇನೆ. ಮುಖ್ಯ ಶಿಕ್ಷಕರೆಲ್ಲ ಇಷ್ಟು ಮಾಡಿದರೂ ದೊಡ್ಡದು.

ಇಲಾಖೆಗೆ ಒಂದು ಮನವಿ. ಒಂದನೇ ತರಗತಿಗೆ ಸೇರಿದ ಪ್ರತಿ ಮಗುವಿಗೂ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿಸಿ, ಶೀತ ಜಾಸ್ತಿ ಇರುವ ಜುಲೈ ಆಗಸ್ಟ್‌ನಲ್ಲಿ ಇನ್ನೊಮ್ಮೆ. ಮಾಹಿತಿ ಪತ್ರದಲ್ಲಿ ಹೊಸ ಕಾಲಂ ಒಂದನ್ನು ಸೇರಿಸಿ: ‘ಕಿವಿ ಪರೀಕ್ಷೆ ಆದ ದಿನಾಂಕ’.

ಒಬ್ಬ ಶಿಕ್ಷಕಿ,
ಹುಣಸೂರು ತಾಲ್ಲೂಕು