ಪಾಲೆ ಕೆತ್ತೆ ತೆಗೆಯುವ ಮುನ್ನ ಹಗಲಲ್ಲೇ ಮರ ಗುರುತಿಸಿ

ಮಾನ್ಯರೇ,

ತುಳುನಾಡಿನ ಆಟಿ (ಆಷಾಢದ) ಅಮಾವಾಸ್ಯೆ ಸಮೀಪಿಸುತ್ತಿದ್ದಂತೆ, ಆ ದಿನ ಮುಂಜಾನೆ ಕುಡಿಯುವ ಪಾಲೆ ಕೆತ್ತೆಯ, ಅಂದರೆ ಪಾಲೆ ಮರದ ತೊಗಟೆಯ ಕಷಾಯದ ಮಹಿಮೆ ಸಾರುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗಿವೆ. ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುವುದು, ಬೊಳ್ಳುಕಲ್ಲು ಎಂಬ ಬಿಳಿ ಕಲ್ಲನ್ನು ಕಾಯಿಸಿ ಹಾಕುವುದು, ಓಮ, ಬೆಳ್ಳುಳ್ಳಿ, ಕರಿಮೆಣಸು, ಆಮೇಲಿನ ಮೆಂತೆ ಗಂಜಿ ಎಲ್ಲವೂ ಅವುಗಳಲ್ಲಿ ಇರುತ್ತದೆ. ಮರವನ್ನು ಗುರುತಿಸುವುದು ಹೇಗೆಂಬ ಮಾತು ಮಾತ್ರ ಇರುವುದಿಲ್ಲ. ಹಿಂದೆ ಮನೆಯ ಹಿರಿಯರೊಬ್ಬರು ವರ್ಷವೂ ಅದೇ ಮರದ ಬುಡಕ್ಕೆ ಹೋಗುತ್ತಿದ್ದುದರಿಂದ ಅದರ ಅಗತ್ಯ ಬೀಳುತ್ತಿರಲಿಲ್ಲ. ಈಗ ಪೇಟೆಯ ಮಕ್ಕಳು ಹಿಂದಿನ ರಾತ್ರಿ ಊರಿಗೆ ಬಂದು, ಬೆಳಕು ಹರಿಯುವ ಮುನ್ನ ಟಾರ್ಚ್ ಹಿಡಿದು ಗುಡ್ಡೆಗೆ ಹೊರಡುತ್ತಾರೆ. ಟಾರ್ಚಿಗೆ ಕಾಣುವುದು ಕಾಂಡ. ಗುರುತು ಇರುವುದು ಎಲೆಯಲ್ಲಿ.

ಪಾಲೆ, ಅಂದರೆ ಹಾಲೆ ಮರದ ಗೆಲ್ಲಿನ ಒಂದೇ ಗೆಣ್ಣಿನಲ್ಲಿ ಸಾಮಾನ್ಯವಾಗಿ ಐದರಿಂದ ಏಳು ಎಲೆಗಳು ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿರುತ್ತವೆ. ಎಲೆ ಮುರಿದರೆ ಬಿಳಿ ಹಾಲು ಒಸರುತ್ತದೆ. ನಮ್ಮ ಗುಡ್ಡೆಗಳಲ್ಲೇ ಬೆಳೆಯುವ ಕಾಸರಕ ಎಂಬ ವಿಷದ ಮರದ ಎಲೆಗಳಾದರೋ ಎದುರುಬದುರಾಗಿ ಜೋಡಿಜೋಡಿಯಾಗಿದ್ದು, ಅವುಗಳ ಬುಡದಿಂದಲೇ ಮೂರರಿಂದ ಐದು ನರಗಳು ಎದ್ದು ಕಾಣುತ್ತವೆ, ಹಾಲು ಬರುವುದಿಲ್ಲ. ಕಾಸರಕದ ಬೀಜದಲ್ಲಷ್ಟೇ ಅಲ್ಲ, ತೊಗಟೆಯಲ್ಲಿಯೂ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ವಿಷಗಳಿವೆ. ಎರಡರ ಕೆತ್ತೆಯೂ ಕಹಿಯಾದ್ದರಿಂದ ನಾಲಿಗೆಯನ್ನು ನಂಬಿ ಪ್ರಯೋಜನವಿಲ್ಲ. ಹಾಗೆಂದು ಹಾಲು ಕಂಡ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ಬೇಲಿಯ ಹಳದಿ ಕಣಗಿಲೆಯಲ್ಲೂ, ಹೊಳೆಬದಿಯಲ್ಲಿ ಮಾವಿನಕಾಯಿಯನ್ನು ಹೋಲುವ ಕಾಯಿ ಬಿಡುವ, ಮಲಯಾಳದವರು ಒದಳಂ ಎನ್ನುವ ಮರದಲ್ಲೂ ಹಾಲಿದೆ. ಎರಡೂ ಹೃದಯದ ಬಡಿತವನ್ನೇ ಕೆಡಿಸುವಂಥವು.

ಕೊರೊನಾ ಕಾಲದಿಂದ ಮನೆಮನೆಯ ಕಷಾಯವಾಗಿರುವ ಅಮೃತಬಳ್ಳಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಅದನ್ನು ಹೋಲುವ ಟಿನೊಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿ ಹಾನಿಕರವಾಗಬಹುದೆಂದು ಕೇಂದ್ರ ಆಯುಷ್ ಸಚಿವಾಲಯವು 2022ರಲ್ಲಿ ಎಚ್ಚರಿಸಿತ್ತು. ಕ್ರಿಸ್ಪಾದ ಕಾಂಡ ಬೂದು ಬಣ್ಣದ್ದು, ಮೈತುಂಬ ಗುಬುಟು. ಕತ್ತರಿಸಿದರೆ ಹಾಲಿನಂತಹ ರಸ ಬರುತ್ತದೆ. ಅಮೃತಬಳ್ಳಿಯ ಕಾಂಡ ಹಸಿರು, ಅದರಲ್ಲಿ ಹಾಲಿಲ್ಲ, ಹಣ್ಣು ಕೆಂಪು. ಸರಿಯಾದ ಬಳ್ಳಿಯೇ ಆದರೂ ಯಕೃತ್ತಿನ ತೊಂದರೆ ಇರುವವರು ಅಥವಾ ನಿತ್ಯ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಶರಬತ್ತಿಗೆ ಬಳಸುವ ನನ್ನಾರಿ, ಅಂದರೆ ನಾಮದ ಬೇರಿನ ಮಟ್ಟಿಗೆ ಮೂಗೇ ಪರೀಕ್ಷಕ: ಬೇರನ್ನು ಉಗುರಿನಿಂದ ಕೆರೆದಾಗ ಆ ಸಿಹಿ ಪರಿಮಳ ಬರದಿದ್ದರೆ, ಎಲೆಯ ನಡುವೆ ಬಿಳಿ ಗೀರು ಕಂಡರೂ ಬಿಟ್ಟುಬಿಡುವುದೇ ಲೇಸು. ರಸ್ತೆಬದಿಯ ಮತ್ತು ಕಳೆನಾಶಕ ಹೊಡೆದ ಬೇಲಿಯ ಗಿಡ ಯಾವುದೇ ಆದರೂ ಬೇಡವೆಂದು ಬೇರೆ ಹೇಳಬೇಕಿಲ್ಲ.

ಕಷಾಯವನ್ನು ಸಾರ್ವಜನಿಕರಿಗೆ ಹಂಚುವ ಸಂಘಸಂಸ್ಥೆಗಳು ಹಿಂದಿನ ದಿನ ಹಗಲಿನಲ್ಲೇ ಎಲೆಯಿರುವ ಗೆಲ್ಲನ್ನು ತಂದು, ಬಲ್ಲವರಿಗೆ ತೋರಿಸಿ, ಮರಕ್ಕೆ ಗುರುತು ಕಟ್ಟಿ ಬರಲಿ. ಗ್ರಾಮ ಪಂಚಾಯತಿಗಳು ತಮ್ಮ ವ್ಯಾಪ್ತಿಯ ಹಾಲೆ ಮತ್ತು ಕಾಸರಕದ ಮರಗಳಿಗೆ ಹೆಸರಿನ ಫಲಕ ಹಾಕಿದರೆ ಖರ್ಚೇನೂ ಹೆಚ್ಚಾಗದು. ತಮ್ಮ ಪತ್ರಿಕೆಯೂ ಅಮಾವಾಸ್ಯೆಗೆ ಮೊದಲು ಎರಡೂ ಮರಗಳ ಎಲೆಗಳ ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಇಷ್ಟಾದರೂ ಕಷಾಯ ಕುಡಿದ ಯಾರಿಗಾದರೂ ಮೈ ಸೆಟೆದುಕೊಂಡರೆ, ದವಡೆ ಬಿಗಿದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಉಳಿದ ಕೆತ್ತೆಯ ತುಂಡೊಂದನ್ನು ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ಅನುಕೂಲ.

– ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿ, ಉಡುಪಿ