ಮಗಳಿಗೊಂದು ಪತ್ರ: ಏಳನೇ ನಂಬರಿನವನು ಬಂದಿದ್ದ

ಮಿಸ್ಸಿಸಾಗಾ
ಏಪ್ರಿಲ್ 3, 2022, ರಾತ್ರಿ

ಪುಟ್ಟೀ,

ಪರೀಕ್ಷೆ ಇದೆ, ಫೋನ್ ಮಾಡಬೇಡ ಅಂದಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಹೋಳಿಗೆ ಡಬ್ಬದ ಜೊತೆ ಈ ಕಾಗದವೂ ಹೊರಡುತ್ತದೆ.

ಇವತ್ತು ಕೈಲ್ ಲೌರಿ, ನಮ್ಮ ಬಾಸ್ಕೆಟ್‌ಬಾಲ್ ಟೀಮು ಟೊರೊಂಟೊ ರ‍್ಯಾಪ್ಟರ್ಸ್‌ನ ಹಳೇ ಆಟಗಾರ, ಎದುರು ಟೀಮಿನವನಾಗಿ ಟೊರೊಂಟೊಗೆ ಬಂದಿದ್ದ. ನೀನು ನೋಡಿಲ್ಲ ಅಂತ ನನಗೆ ಗೊತ್ತು. ಅದಕ್ಕೆ ಪರೀಕ್ಷೆ ಒಂದೇ ಕಾರಣ ಅಲ್ಲ ಅಂತಲೂ ಗೊತ್ತು. ಹೋದ ಆಗಸ್ಟ್‌ನಲ್ಲಿ ಅವನು ಮಯಾಮಿ ಟೀಮು ಸೇರಿದ ದಿನ ನೀನು ಏಳನೇ ನಂಬರಿನ ಜೆರ್ಸಿಯನ್ನು ಗೋಡೆಯಿಂದ ತೆಗೆದು ಹಳೇ ಸೂಟ್‌ಕೇಸಿನೊಳಗೆ ತುರುಕಿದೆ. "ಅವನೂ ಬಿಟ್ಟು ಹೋದ" ಅಂದೆ. ನಾನು ಆಗ ಏನೂ ಹೇಳಲಿಲ್ಲ. ನನಗೂ ಬೇಜಾರಾಗಿತ್ತು. ಇವತ್ತು ನೋಡಿದ್ದನ್ನು ಮಾತ್ರ ನಿನಗೆ ಹೇಳದೆ ನಿದ್ದೆ ಬರುವುದಿಲ್ಲ.

ನಿನ್ನೆ ಯುಗಾದಿ, ಇವತ್ತು ವರ್ಷದ ತೊಡಕು. ಈ ದಿನ ಮಾಡಿದ್ದನ್ನೇ ವರ್ಷವೆಲ್ಲ ಮಾಡುತ್ತೀವಿ ಅಂತ ಅಜ್ಜಿ ಹೇಳುತ್ತಿದ್ದರಲ್ಲ. ಮಧ್ಯಾಹ್ನ ನಿಮ್ಮಪ್ಪ ಮಟನ್ ಸಾರು ಮಾಡಿದರು. ಸಂಜೆ ಇಬ್ಬರೂ ಟಿವಿ ಮುಂದೆ ಕೂತೆವು. ಎದುರು ಟೀಮಿನವರ ಹೆಸರು ಕೂಗುವಾಗ ನಮ್ಮ ಜನ ಯಾವತ್ತೂ ಕಿವಿಗೇ ಹಾಕಿಕೊಳ್ಳುವುದಿಲ್ಲ, ಅಲ್ವಾ? ಇವತ್ತು ಸ್ಕೋಶಿಯಾಬ್ಯಾಂಕ್ ಅರೀನಾ ಪೂರ್ತಿ ಎದ್ದು ನಿಂತಿತು. ಅವನ ಒಂಬತ್ತು ವರ್ಷಗಳ ವಿಡಿಯೊ ತೋರಿಸಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ನಿಮ್ಮಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಲೌರಿ 16 ಪಾಯಿಂಟ್, 10 ಅಸಿಸ್ಟ್ (ಅಂದರೆ ಹತ್ತು ಸಲ ಬೇರೆಯವರಿಗೆ ಚೆಂಡು ಕೊಟ್ಟು ಬಾಸ್ಕೆಟ್ ಹಾಕಿಸಿದ್ದು) ಮಾಡಿ ನಮ್ಮನ್ನೇ ಸೋಲಿಸಿದ, 114-109. ನನಗೆ ಒಂದು ಚೂರೂ ಬೇಸರ ಆಗಲಿಲ್ಲ.

ಆ ಚಪ್ಪಾಳೆ ಬಾಕಿ ಇತ್ತು ಪುಟ್ಟೀ. ನಮ್ಮ ಟೀಮಿನವನಾಗಿ ಅವನು ಈ ಊರಲ್ಲಿ ಕೊನೆಯ ಸಲ ಆಡಿದ್ದು 2020ರ ಫೆಬ್ರವರಿ ಕೊನೆಯಲ್ಲಿ. ಆಮೇಲೆ ಕೊರೊನಾ ಬಂತು, ಗಡಿ ಮುಚ್ಚಿತು. ಮುಂದಿನ ಸೀಸನ್ ಪೂರ್ತಿ ರ‍್ಯಾಪ್ಟರ್ಸ್ ಫ್ಲಾರಿಡಾದ ಟ್ಯಾಂಪಾದಲ್ಲಿ ಠಿಕಾಣಿ ಹೂಡಿದರು. ಅವನು ಅಲ್ಲಿಂದ ಹಾಗೇ ಹೊರಟುಹೋದ. ಮೂರು ದಿನ ಮದುವೆ ಮನೆಯಲ್ಲಿ ದುಡಿದವನನ್ನು ಊಟಕ್ಕೂ ಕೂರಿಸದೆ ಕಳಿಸಿದ ಹಾಗಿತ್ತು ನನಗೆ.

ಮದುವೆ ಮನೆ ಅಂದೆ ನೋಡು. ಪಾಯಿಂಟ್ ಗಾರ್ಡ್ ಅಂದರೆ ಏನು ಅಂತ ನೀನು ಎಷ್ಟು ಸಲ ಹೇಳಿಕೊಟ್ಟರೂ ನನಗೆ ಅರ್ಥವಾದದ್ದು ನನ್ನ ಅಪ್ಪನಿಂದ. ಹಾಸನದಲ್ಲಿ ನಮ್ಮ ಬೀದಿಯಲ್ಲಿ ಯಾರದೇ ಮದುವೆಯಾಗಲಿ, ಬಡಿಸುವ ಉಸ್ತುವಾರಿ ನಿಮ್ಮ ತಾತನದು. ಪಂಚೆ ಎತ್ತಿ ಕಟ್ಟಿ, ಟವೆಲ್ ಸೊಂಟಕ್ಕೆ ಸುತ್ತಿ ಪಂಕ್ತಿಯ ತುದಿಯಲ್ಲಿ ನಿಲ್ಲುತ್ತಿದ್ದರು. ಯಾವ ಎಲೆಯಲ್ಲಿ ಪಲ್ಯ ಮುಗಿದಿದೆ, ಯಾವ ಮುದುಕರು ಕೇಳಲು ಸಂಕೋಚ ಪಡುತ್ತಿದ್ದಾರೆ, ಸಾರಿನ ಬಕೆಟ್ ಎಲ್ಲಿದೆ, ಎಲ್ಲ ಅವರಿಗೆ ಕಾಣುತ್ತಿತ್ತು. ಬಾಯಿ ಬಿಡದೆ ಕಣ್ಣಲ್ಲೇ ಹುಡುಗರನ್ನು ಓಡಿಸುತ್ತಿದ್ದರು. ಕೊನೇ ಪಂಕ್ತಿಯಲ್ಲಿ, ತಣ್ಣಗಾದ ಅನ್ನ ಉಣ್ಣುತ್ತಿದ್ದವರು ಅವರೇ. ಲೌರಿ ಚೆಂಡು ಬಡಿಯುತ್ತಾ, ಒಂದು ಕೈ ಎತ್ತಿ ಬೆರಳು ತೋರಿಸುತ್ತಾ ಬರುವುದನ್ನು ನೋಡಿದ ದಿನ, ಅರೆ, ಇದು ನಮ್ಮಪ್ಪ ಮಾಡುತ್ತಿದ್ದ ಕೆಲಸ ಅನ್ನಿಸಿತು. ಅವನು ಹೋಗುವ ಹೊತ್ತಿಗೆ ಈ ಟೀಮಿಗೆ ಮಾಡಿದ್ದ ಅಸಿಸ್ಟ್ 4,277. ರ‍್ಯಾಪ್ಟರ್ಸ್‌ನಲ್ಲಿ ಅಷ್ಟು ಬಡಿಸಿದವರು ಬೇರೆ ಯಾರೂ ಇರಲಿಲ್ಲ.

ಅವನು ಹ್ಯೂಸ್ಟನ್‌ನಿಂದ ಇಲ್ಲಿಗೆ ಬಂದದ್ದು 2012ರ ಜುಲೈನಲ್ಲಿ. ನಾವು ಬಂದದ್ದೂ ಅದೇ ಬೇಸಿಗೆಯಲ್ಲಿ. ನಿನಗೆ ಎಂಟು ವರ್ಷ. ಬೇಸ್‌ಮೆಂಟ್ ಮನೆ, ಯಾರೋ ಕೊಟ್ಟ ಸೋಫಾ. ಅವನನ್ನೂ ಆಗ ಯಾರೂ ನೆಚ್ಚಿಕೊಂಡಿರಲಿಲ್ಲ. ಮೆಂಫಿಸ್, ಹ್ಯೂಸ್ಟನ್ ಆಗಿ ಇದು ಮೂರನೇ ಟೀಮು. ಆರಡಿ ಎತ್ತರ, ದಪ್ಪ ಮೈಕಟ್ಟು, ಮೂಗಿನ ತುದಿಯಲ್ಲೇ ಕೋಪ. 2013ರ ಡಿಸೆಂಬರ್‌ನಲ್ಲಿ ಅವನನ್ನು ನ್ಯೂಯಾರ್ಕಿಗೆ ಕೊಟ್ಟುಬಿಡುವ ಮಾತು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಕೊನೆ ಗಳಿಗೆಯಲ್ಲಿ ಅದು ಮುರಿದುಬಿತ್ತು. ಅಲ್ಲಿಂದ ಶುರುವಾಯಿತು ನೋಡು ಎಲ್ಲ.

ಐದೇ ತಿಂಗಳಿಗೆ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ಸರಣಿಗಳಲ್ಲಿ, ಬ್ರೂಕ್ಲಿನ್ ಜೊತೆ ನಿರ್ಣಾಯಕ ಏಳನೇ ಆಟ. ಆರು ಸೆಕೆಂಡ್ ಉಳಿದಿತ್ತು, ಒಂದು ಪಾಯಿಂಟ್ ಹಿಂದೆ ಇದ್ದೆವು. ಲೌರಿ ನುಗ್ಗಿ ಎಸೆದದ್ದನ್ನು ಅವರ ಪಾಲ್ ಪಿಯರ್ಸ್ ತಡೆದುಬಿಟ್ಟ. 104-103. ಲೌರಿ ನೆಲದ ಮೇಲೇ ಬಿದ್ದುಕೊಂಡ. ಅವನ ಜೊತೆ ಆಡುತ್ತಿದ್ದ ಡೆರೋಜನ್ ಬಂದು ಬಗ್ಗಿ ಅವನನ್ನು ತಬ್ಬಿದ. ನೀನು ನನ್ನ ಮಡಿಲಲ್ಲಿ ಮುಖ ಹುದುಗಿಸಿ ಅತ್ತೆ. ಹತ್ತು ವರ್ಷದ ಹುಡುಗಿ ಒಂದು ಆಟಕ್ಕೆ ಇಷ್ಟು ಅಳುತ್ತಾಳಾ ಅಂತ ನಾನು ಗಾಬರಿಯಾದೆ. ಆಮೇಲೆ ಗೊತ್ತಾಯಿತು, ನಿನಗೆ ಈ ಊರು ನಿನ್ನದಾದದ್ದು ಅವತ್ತೇ.

ಆಮೇಲೆ ನೀನೂ ಕಮ್ಯುನಿಟಿ ಸೆಂಟರಿನಲ್ಲಿ ಆಡಲು ಸೇರಿದೆ. ಒಂದು ದಿನ ಸೊಂಟದ ಹತ್ತಿರ ಅಂಗೈಯಗಲ ಹಸಿರುಗಟ್ಟಿಸಿಕೊಂಡು ಬಂದೆ. ನಿನಗಿಂತ ಒಂದು ಗೇಣು ಎತ್ತರದ ಹುಡುಗಿ ಓಡಿ ಬರುವ ದಾರಿಗೆ ಹೋಗಿ, ಕಾಲು ಊರಿ, ಎದೆ ಕೊಟ್ಟು ನಿಂತಿದ್ದೆಯಂತೆ. ಬಟ್ಟೆ ಬಿಸಿ ಮಾಡಿ ಶಾಖ ಕೊಡುತ್ತಾ ನಾನು ಬೈದೆ, "ಸುಮ್ನೆ ಯಾಕೆ ಹೋಗಿ ಅಡ್ಡ ನಿಂತೆ?" ಅಂತ. "ಚಾರ್ಜ್ ತಗೊಂಡೆ ಅಮ್ಮ. ಲೌರಿ ಮಾಡ್ತಾನಲ್ಲ. ಬಾಲ್ ನಮಗೆ ಬಂತು" ಅಂದೆ. ನೋವಿನಲ್ಲೂ ನಿನ್ನ ಮುಖ ಎಷ್ಟು ಅರಳಿತ್ತು ಗೊತ್ತಾ? ಅವತ್ತಿನಿಂದ ನಾನು ಬಾಸ್ಕೆಟ್ ಬಿಟ್ಟು ಅವನ ಕಾಲನ್ನೇ ನೋಡತೊಡಗಿದೆ. ಏಳಡಿ ಆಳು ನುಗ್ಗಿ ಬರುತ್ತಾನೆ, ಇವನು ಎಲ್ಲರಿಗಿಂತ ಮೊದಲೇ ಆ ಜಾಗಕ್ಕೆ ಹೋಗಿ ನಿಂತಿರುತ್ತಾನೆ. ದಡ್ ಅಂತ ಬೀಳುತ್ತಾನೆ. ಬೆನ್ನು ಜಾರುತ್ತದೆ. ನಾಲ್ಕು ಜನ ಓಡಿ ಬಂದು ಕೈ ಚಾಚಿ ಎಬ್ಬಿಸುತ್ತಾರೆ. ಅಷ್ಟು ಏಟು ತಿಂದರೂ ಅವನ ಹೆಸರಿಗೆ ಒಂದು ಪಾಯಿಂಟೂ ಬರುವುದಿಲ್ಲ.

2018ರ ಜುಲೈನಲ್ಲಿ ಡೆರೋಜನ್‌ನನ್ನು ಸ್ಯಾನ್ ಆಂಟೋನಿಯೊಗೆ ಕೊಟ್ಟರು. ಲೌರಿಗೆ ಅವನು ಜೀವದ ಗೆಳೆಯ. ಮನಸ್ಸಿನಲ್ಲಿ ಎಷ್ಟು ನೋವಿತ್ತೋ, ಡೆರೋಜನ್ ಬದಲಿಗೆ ಬಂದ ಕವಾಯ್ ಲೆನರ್ಡ್‌ಗೆ ಮಾತ್ರ ಯಾವತ್ತಿನ ಹಾಗೇ ಚೆಂಡು ಕೊಟ್ಟ. ನನಗೆ ಕೇಳಿದರೆ ಅವನ ದೊಡ್ಡತನ ಕಂಡದ್ದು ಆ ವರ್ಷ. ಪ್ಲೇಆಫ್‌ನ ಮೊದಲ ಆಟದಲ್ಲಿ, ಒರ್ಲ್ಯಾಂಡೊ ವಿರುದ್ಧ, ಏಳು ಸಲ ಎಸೆದು ಏಳೂ ತಪ್ಪಿದವು. 0 ಪಾಯಿಂಟ್. ಜನ ಆಡಿಕೊಂಡರು. ಆದರೆ 8 ಅಸಿಸ್ಟ್ ಇತ್ತು, ಅದನ್ನು ಯಾರು ನೋಡಿದರು?

ಎರಡು ತಿಂಗಳ ನಂತರದ ರಾತ್ರಿ ನಿನಗೆ ಮರೆತಿರಲಾರದು. ಜೂನ್ 13, 2019. ಸೆಲೆಬ್ರೇಷನ್ ಸ್ಕ್ವೇರ್‌ನ ದೊಡ್ಡ ಪರದೆ, ಕಾಲಿಡಲು ಜಾಗವಿಲ್ಲ. ಓಕ್ಲೆಂಡ್‌ನಲ್ಲಿ ಗೋಲ್ಡನ್ ಸ್ಟೇಟ್ ಜೊತೆ ಫೈನಲ್‌ನ ಆರನೇ ಆಟ. ಶುರುವಾದ ಕೂಡಲೇ ಲೌರಿಯ ಒಂದು ಲೇಅಪ್, ದೂರದಿಂದ ಎಸೆದ ಮೂರು ಪಾಯಿಂಟಿನ ಎರಡು ತ್ರೀ. 8-0! ನಮ್ಮ ಮೊದಲ 11 ಪಾಯಿಂಟೂ ಅವನವೇ. ನೀನು ನನ್ನ ತೋಳು ಹಿಡಿದು ಕುಣಿಯುತ್ತಿದ್ದೆ, ಮಾರನೇ ದಿನ ನೋಡಿದರೆ ಉಗುರಿನ ಗುರುತು. ಕೊನೆಗೆ ಅವನದು 26 ಪಾಯಿಂಟ್, 10 ಅಸಿಸ್ಟ್. 114-110ರಲ್ಲಿ ಗೆದ್ದು ನಾವು ಚಾಂಪಿಯನ್ ಆದೆವು. ಪಕ್ಕದಲ್ಲಿದ್ದ ಪಂಜಾಬಿ ಹೆಂಗಸು ನನ್ನನ್ನು ತಬ್ಬಿ ಗಳಗಳ ಅತ್ತರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಹೀಗೆ ಆಡಿದವನನ್ನು ಬಿಟ್ಟು ಹೋದ ಅನ್ನುತ್ತೀಯಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಹೋಗುವಾಗ ಅವನಿಗೆ 35 ವರ್ಷ. ಟೀಮು ಹುಡುಗರ ಕೈಗೆ ಹೋಗುತ್ತಿತ್ತು. ಅವನು ಹೋದ ವ್ಯವಹಾರದಲ್ಲೇ ನಿನಗೆ ಈಗ ಇಷ್ಟವಾದ ಪ್ರೆಷಸ್ ಅಚಿಯುವಾ ಇಲ್ಲಿಗೆ ಬಂದ. ಫ್ರೆಡ್ ವ್ಯಾನ್‌ವ್ಲೀಟ್‌ನನ್ನು ನೋಡು. ಟೀಮುಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ 2016ರ ಡ್ರಾಫ್ಟ್‌ನಲ್ಲಿ ಅವನನ್ನು ಯಾವ ಟೀಮೂ ಆರಿಸಲಿಲ್ಲ. ಲೌರಿಯ ಪಕ್ಕದಲ್ಲಿ ಐದು ವರ್ಷ ಇದ್ದು ಕಲಿತ. ಈ ಫೆಬ್ರವರಿಯಲ್ಲಿ ಲೀಗಿನ ಅತ್ಯುತ್ತಮ ಆಟಗಾರರಲ್ಲೊಬ್ಬನಾಗಿ ಆಲ್-ಸ್ಟಾರ್ ಆದ. ತನ್ನ ಜಾಗಕ್ಕೇ ಬರುವ ಹುಡುಗನಿಗೆ ಕೆಲಸ ಕಲಿಸುವುದು ಎಲ್ಲರಿಗೂ ಆಗುವ ಮಾತಲ್ಲ. ನಾನು ದುಡಿದ ಕಡೆಗಳಲ್ಲಿ ಅಂಥವರನ್ನು ಕಂಡದ್ದು ತೀರಾ ಕಡಿಮೆ.

ಹಬ್ಬಕ್ಕೆ ಮನೆ ಗುಡಿಸುವಾಗ ಆ ಸೂಟ್‌ಕೇಸ್ ಸಿಕ್ಕಿತು. ಜೆರ್ಸಿ ಒಗೆದು, ನೆರಳಲ್ಲಿ ಒಣಗಿಸಿದ್ದೇನೆ. ಬಲಗಡೆ ಹೊಲಿಗೆ ಬಿಚ್ಚಿತ್ತು, ಹಾಕಿದ್ದೇನೆ. ಹೋಳಿಗೆ ಡಬ್ಬದ ಕೆಳಗೆ ಮಡಿಸಿಟ್ಟಿದ್ದೇನೆ. ಹಾಕಿಕೊಳ್ಳುವುದು, ಬಿಡುವುದು ನಿನ್ನಿಷ್ಟ. ಪರೀಕ್ಷೆ ಮುಗಿದ ಮೇಲೆ ಇವತ್ತಿನ ಆಟದ ಮೊದಲ ಹತ್ತು ನಿಮಿಷ ನೋಡು, ಆಮೇಲೆ ನನಗೆ ಫೋನ್ ಮಾಡು.

ಹೋಳಿಗೆಯನ್ನು ಮೈಕ್ರೊವೇವ್‌ಗೆ ಇಡಬೇಡ, ರಬ್ಬರ್ ಆಗುತ್ತದೆ. ತವಾ ಮೇಲೆ ತುಪ್ಪ ಹಾಕಿ ಬಿಸಿ ಮಾಡು. ರೂಮಿನ ಹುಡುಗಿಗೂ ಎರಡು ಕೊಡು.

ಇತಿ,
ನಿನ್ನ ಅಮ್ಮ