ಮೀನು ಕೊಳ್ಳುವ ಮುನ್ನ ಅಳೆಯಿರಿ

ಮಾನ್ಯರೇ,

ಕಾಸರಗೋಡಿನ ಮಾರುಕಟ್ಟೆಗಳಲ್ಲಿ ಬೆರಳುದ್ದದ ಬೂತಾಯಿ ಮೀನಿನ ಮರಿಗಳ ರಾಶಿ ಕಂಡರೆ ಸಂಕಟವಾಗುತ್ತದೆ. ಅವು ಒಮ್ಮೆಯೂ ಮೊಟ್ಟೆಯಿಡದವು. ಕೇರಳದ ನಿಯಮದಂತೆ ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ. ಕೈಚೀಲದ ಅಂಚಿನಲ್ಲಿ ಈ ಎರಡು ಅಳತೆಗೆ ಮಾಸದ ಶಾಯಿಯಲ್ಲಿ ಗೆರೆ ಎಳೆದಿಟ್ಟುಕೊಳ್ಳಿ. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು. ಅದೂ ತಲೆ, ಬಾಲ ಕತ್ತರಿಸುವ ಮೊದಲೇ, ಆಮೇಲೆ ಗಾತ್ರ ತಿಳಿಯದು. ಮೇಲೆ ದೊಡ್ಡವನ್ನಿಟ್ಟು ಅಡಿಯಲ್ಲಿ ಮರಿ ತುಂಬಿರುವುದೂ ಉಂಟು, ಹಾಗಾಗಿ ರಾಶಿಯ ಬುಡದಿಂದ ಎರಡು ತೆಗೆಸಿ ನೋಡಿ. ಬುಟ್ಟಿ ಹೊತ್ತು ಮಾರುವ ಹೆಂಗಸರೊಡನೆ ಜಗಳ ಬೇಡ, ಬಲೆ ಹಾಕಿದವರು ಅವರಲ್ಲ. “ಮರಿ ಬೇಡ ಅಕ್ಕಾ, ದೊಡ್ಡದು ಬಂದಾಗ ಕೊಡಿ” ಎಂದರೆ ಸಾಕು. ಬೇಡಿಕೆಯಿಲ್ಲವೆಂದು ಅವರೇ ದಕ್ಕೆಯ (ದೋಣಿಗಳು ಮೀನು ಇಳಿಸುವ ಕಟ್ಟೆಯ) ಹರಾಜಿನಲ್ಲಿ ಮರಿಮೀನು ಕೊಳ್ಳದೆ ಬಿಟ್ಟುಬಿಡುತ್ತಾರೆ.

– ಓದುಗರೊಬ್ಬರು, ಮಂಜೇಶ್ವರ